ಅಡವಿಯಿಲ್ಲದ ಊರಿಗೆ ಅರಣ್ಯವಿದ್ಯೆ ಏಕೆ?

ವಿದ್ಯೆಯ ವಿಷಯದಲ್ಲಿ ನಮ್ಮ ಜನರು ಕೇಳುವ ಮೊದಲ ಪ್ರಶ್ನೆ 'ಇದರಿಂದ ಏನು ಸಿಗುತ್ತದೆ?' ಎಂಬುದು. ಈ ಪ್ರಶ್ನೆಯನ್ನು ಕೀಳೆಂದು ತಳ್ಳಿಹಾಕುವ ಅಧಿಕಾರ ಹೊಟ್ಟೆ ತುಂಬಿದವನಿಗೆ ಇಲ್ಲ. ನಾಲ್ಕು ಎಕರೆ ಹೊಲದ ಮೇಲೆ ಆರು ಜನರ ಬಾಳು ನಿಂತಿರುವ ಮನೆಯಲ್ಲಿ ಆ ಪ್ರಶ್ನೆಯನ್ನು ಹುಟ್ಟಿಸುವುದು ಭಯ. ಅದನ್ನು ಸ್ವಾರ್ಥವೆಂದು ಕರೆಯುವುದು ಅನ್ಯಾಯ. ಆದರೆ ಸದ್ಭಕ್ತರಾದ ಓದುಗರೇ, ವಿದ್ಯೆಯನ್ನು ಅಳೆಯಲು ಆ ಪ್ರಶ್ನೆಯೊಂದೇ ಸಾಕಾದೀತೇ? ಈ ವಿಚಾರವನ್ನು ತಮ್ಮ ಮುಂದಿಡಲು ಕಾರಣವಾದ ಒಂದು ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ.

ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿ ನಮ್ಮ ನಾಡಿನ ಗಡಿಯ ಊರು. ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿ ದೂಧಗಂಗೆಯನ್ನು ದಾಟಿ ಕರ್ನಾಟಕವನ್ನು ಪ್ರವೇಶಿಸುವುದು ಅಲ್ಲಿಯೇ. ಆ ಊರಿನ ಒಬ್ಬ ಹಿರಿಯರು ಕೆಲವು ವರ್ಷಗಳ ಹಿಂದೆ ತಮ್ಮ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಹುಡುಗನು ಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ನನ್ನ ಕೈಯಲ್ಲಿಯೇ ಪಾಠ ಹೇಳಿಸಿಕೊಂಡವನು. ಪದವಿಯನ್ನು ಮುಗಿಸಿ, ಅರಣ್ಯ ಮತ್ತು ನಿಸರ್ಗದ ಸುಸ್ಥಿರ ನಿರ್ವಹಣೆಯ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ಹಟ ಹಿಡಿದಿದ್ದನು. ತಂದೆಯವರ ಮಾತು ನನಗಿನ್ನೂ ಕಿವಿಯಲ್ಲಿದೆ: "ಮಾಸ್ತರ್ರ, ನಮ್ಮೂರಾಗ ಹೊಲ ಅದಾವ, ಹೊಳಿ ಐತಿ. ಅಡವಿ ಎಲ್ಲೈತ್ರಿ? ಇಲ್ಲದ ಅಡವಿ ಓದಿ ಇಂವ ಏನ್ ಮಾಡ್ತಾನ್ರಿ? ಇನ್ನೆರಡು ವರ್ಷದ ಖರ್ಚು ನಾ ಎಲ್ಲಿಂದ ತರ್ಲಿ?"

ನಾನು ಅಂದು ಅವರಿಗೆ ಹೇಳಿದ ಮಾತು ಸರಿಯಾದುದಲ್ಲ. "ಯೋಚನೆ ಬೇಡ, ಈ ಓದಿಗೆ ಸರಕಾರದ ನೌಕರಿ ಸಿಗುತ್ತದೆ" ಎಂದುಬಿಟ್ಟೆ. ತಂದೆಯ ಮುಖ ಕೊಂಚ ಅರಳಿತು. ಆದರೆ ಹುಡುಗನು ತಲೆತಗ್ಗಿಸಿ ಕೇಳಿದನು: "ಸರ್, ನೌಕರಿ ಸಿಗದೆ ಹೋದರೆ ಈ ವಿದ್ಯೆ ವ್ಯರ್ಥವೇ?" ನನ್ನಲ್ಲಿ ಉತ್ತರವಿರಲಿಲ್ಲ. ಹುದ್ದೆಗಳು ಕೆಲವೇ, ಆಕಾಂಕ್ಷಿಗಳು ಬಹಳ ಎಂಬುದು ನನಗೆ ಗೊತ್ತಿತ್ತು. ತಂದೆಯ ಭಯವನ್ನು ತಣಿಸಲು ನಾನು ಆಧಾರವಿಲ್ಲದ ಭರವಸೆಯನ್ನು ಕೊಟ್ಟಿದ್ದೆ. ಆ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಹುಡುಕುವ ಯತ್ನವೇ ಈ ಲೇಖನ.

ಮೊದಲು ತಂದೆಯವರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕೊಗನೊಳ್ಳಿಯಲ್ಲಿ ಅಡವಿ ಇಲ್ಲವೆಂಬುದು ಕಣ್ಣಿಗೆ ಕಾಣುವ ಸತ್ಯ. ಆದರೆ ಕೊಗನೊಳ್ಳಿ ಅಡವಿಯಿಲ್ಲದೆ ಬದುಕುತ್ತಿದೆಯೇ? ಊರಿನ ಪಕ್ಕದಲ್ಲಿ ಹರಿಯುವ ದೂಧಗಂಗೆ ಹುಟ್ಟುವುದು ಪಶ್ಚಿಮಕ್ಕೆ, ಸಹ್ಯಾದ್ರಿಯ ಮಡಿಲಲ್ಲಿ. ಕೊಲ್ಲಾಪುರ ಜಿಲ್ಲೆಯ ರಾಧಾನಗರಿಯ ಕಾಡುಗಳು ಒಂದು ಕಾಲಕ್ಕೆ ಕೊಲ್ಲಾಪುರದ ಅರಸರ ಬೇಟೆಯ ಕಾಡುಗಳಾಗಿದ್ದವು. ಕಾಡುಕೋಣಗಳ ರಕ್ಷಣೆಗಾಗಿ 1958ರಲ್ಲಿ ಅಲ್ಲಿ ಅಭಯಾರಣ್ಯ ಘೋಷಿತವಾಯಿತು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ರಾಧಾನಗರಿಯೂ ಅವುಗಳಲ್ಲಿ ಒಂದಾಗಿತ್ತು. ಆ ಮಲೆಗಳ ಮೇಲೆ ಸುರಿದ ಮಳೆ ಕಾಳಮ್ಮವಾಡಿಯ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಇಳಿದು ನಮ್ಮ ಕಬ್ಬಿನ ಗದ್ದೆಗೆ ಬರುತ್ತದೆ. ನಮ್ಮ ಹೊಲದ ಬದುವಿನಲ್ಲಿ ನಿಂತು ನೋಡಿದರೆ ಅಡವಿ ಕಾಣದಿರಬಹುದು. ಆದರೆ ಅಡವಿಯಿಂದ ಬಂದ ನೀರು ನಮ್ಮ ಕಾಲನ್ನು ತೋಯಿಸುತ್ತಿದೆ.

ಇನ್ನೊಂದು ನಂಟು ಇದಕ್ಕಿಂತಲೂ ಗುಪ್ತವಾದುದು. ನಿಪ್ಪಾಣಿಯ ಸೀಮೆ ತಂಬಾಕಿಗೆ ಹೆಸರಾದುದು. ಅದು ಬೀಡಿಯ ತಂಬಾಕು. ತಂಬಾಕಿನ ಹಿತಾಹಿತಗಳ ಚರ್ಚೆ ಬೇರೆಯೇ ಆದುದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಬೀಡಿಯೊಳಗಿನ ಪುಡಿ ನಮ್ಮ ಹೊಲದ್ದಾದರೆ, ಅದನ್ನು ಸುತ್ತುವ ತೆಂದು ಎಲೆ ಎಲ್ಲಿಯದು? ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾ, ಮಹಾರಾಷ್ಟ್ರದ ಪೂರ್ವಭಾಗ - ಈ ಪ್ರಾಂತಗಳ ಕಾಡುಗಳದು. ಉರಿಬೇಸಗೆಯಲ್ಲಿ ಅಲ್ಲಿನ ಆದಿವಾಸಿ ಕುಟುಂಬಗಳು, ಅದರಲ್ಲಿಯೂ ಹೆಣ್ಣುಮಕ್ಕಳು, ಬೆಳಗಾಗುವ ಮೊದಲೇ ಕಾಡಿಗೆ ಹೋಗಿ ಎಳೆಯ ಎಲೆಗಳನ್ನು ಕೊಯ್ದು, ಕಟ್ಟುಗಳಾಗಿ ಕಟ್ಟಿ ಒಣಗಿಸುತ್ತಾರೆ. ಆ ಎಲೆಯಿಲ್ಲದೆ ನಮ್ಮ ತಂಬಾಕಿಗೆ ಬೆಲೆಯಿಲ್ಲ. ಹೀಗೆ ನೋಡಿದರೆ ಅಡವಿಯಿಲ್ಲದ ನಮ್ಮೂರು ಎರಡು ಅಡವಿಗಳ ಸಾಲಗಾರ: ಒಂದು ಹೊಳೆಯ ತಲೆಯಲ್ಲಿದೆ, ಇನ್ನೊಂದು ನಾವು ಎಂದೂ ನೋಡದ ದೂರದ ನಾಡಿನಲ್ಲಿದೆ.

ಸಾಲವಿರುವುದು ಗೊತ್ತಾದ ಮೇಲೆ ಲೆಕ್ಕ ಬೇಕು. ಅರಣ್ಯವಿದ್ಯೆಯು ಮೂಲತಃ ಒಂದು ಲೆಕ್ಕದ ವಿದ್ಯೆಯೇ ಆಗಿದೆ. ಅದರ ಹುಟ್ಟಿನ ಕಥೆಯನ್ನು ಕೇಳಿರಿ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಫ್ರೈಬರ್ಗ್ ಎಂಬ ಪಟ್ಟಣದಲ್ಲಿ ಬೆಳ್ಳಿಯ ಗಣಿಗಳಿದ್ದವು. ಅದಿರನ್ನು ಕರಗಿಸಲು ಸೌದೆ, ಗಣಿಯ ಸುರಂಗಗಳಿಗೆ ಆಧಾರ ಕೊಡಲು ಮರದ ದಿಮ್ಮಿ ಬೇಕಾಗುತ್ತಿದ್ದವು. ಸುತ್ತಲಿನ ಕಾಡು ಬರಿದಾಗತೊಡಗಿದಾಗ ಗಣಿಗಳ ಅಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಜ್ ಎಂಬಾತನು 1713ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಕಾಡು ಮತ್ತೆ ಬೆಳೆದುಕೊಳ್ಳುವಷ್ಟನ್ನು ಮಾತ್ರ ಕಡಿಯಬೇಕು, ಕಡಿದುದಕ್ಕೆ ಸಮನಾಗಿ ನೆಡಬೇಕು ಎಂಬುದು ಅದರ ಸಾರ. ಇಂದು ಲೋಕವೆಲ್ಲ ಹೇಳುತ್ತಿರುವ 'ಸುಸ್ಥಿರತೆ' ಎಂಬ ಮಾತಿನ ಜರ್ಮನ್ ರೂಪಕ್ಕೆ ಆ ಗ್ರಂಥವೇ ಮೊದಲ ಆಕರವೆನ್ನುತ್ತಾರೆ. ಗಮನಿಸಿರಿ, ಈ ವಿವೇಕವು ತಪೋವನದಲ್ಲಿ ಹುಟ್ಟಲಿಲ್ಲ. ಗಣಿಯ ಹೊಗೆಯ ನಡುವೆ, ಕಾಡು ತೀರಿಹೋದೀತೆಂಬ ಅಂಜಿಕೆಯಲ್ಲಿ ಹುಟ್ಟಿತು.

ಭಾರತಕ್ಕೂ ಈ ವಿದ್ಯೆ ಜರ್ಮನರ ಕೈಯಿಂದಲೇ ಬಂದಿತು. 1864ರಲ್ಲಿ ಬ್ರಿಟಿಷ್ ಸರಕಾರವು ಅರಣ್ಯ ಇಲಾಖೆಯನ್ನು ಸ್ಥಾಪಿಸಿ ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯವಿಜ್ಞಾನಿಯನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿತು. 1878ರಲ್ಲಿ ಡೆಹರಾಡೂನಿನಲ್ಲಿ ಅರಣ್ಯಶಾಲೆ ಆರಂಭವಾಯಿತು. 1906ರಲ್ಲಿ ಅದೇ ಊರಿನಲ್ಲಿ ಅರಣ್ಯ ಸಂಶೋಧನಾ ಸಂಸ್ಥೆ ನೆಲೆಗೊಂಡಿತು. ಭೋಪಾಲದಲ್ಲಿ ಅರಣ್ಯ ನಿರ್ವಹಣೆಯ ಉನ್ನತ ಶಿಕ್ಷಣಕ್ಕೆಂದೇ 1982ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ನಮ್ಮ ಕರ್ನಾಟಕದಲ್ಲಿ ಶಿರಸಿಯಲ್ಲಿ ಒಂದು, ಕೊಡಗಿನ ಪೊನ್ನಂಪೇಟೆಯಲ್ಲಿ ಒಂದು ಅರಣ್ಯ ಮಹಾವಿದ್ಯಾಲಯಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಯು ಮರಗಳ ಬೆಳವಣಿಗೆಯನ್ನು ಅಳೆಯುವುದು, ಬೀಜ ಮತ್ತು ಸಸಿಗಳ ಶಾಸ್ತ್ರ, ವನ್ಯಪ್ರಾಣಿಗಳ ಗಣತಿ, ಹೊಲದಲ್ಲಿ ಮರಗಳನ್ನು ಬೆಳೆಸುವ ಕೃಷಿ-ಅರಣ್ಯ ಪದ್ಧತಿ ಇವೇ ಮೊದಲಾದ ವಿಷಯಗಳನ್ನು ಅಭ್ಯಸಿಸಿ, ಕೊನೆಯಲ್ಲಿ ತಾನೇ ಕಾಡಿನಲ್ಲಿ ನಿಂತು ಕಂಡುಕೊಂಡುದನ್ನು ಪ್ರಬಂಧವಾಗಿ ಬರೆಯಬೇಕು.

ಈ ಶಾಸ್ತ್ರದ ಹೃದಯವನ್ನು ನಮ್ಮ ಕಡೆಯ ಒಕ್ಕಲಿಗನಿಗೆ ತಿಳಿಸಲು ದೊಡ್ಡ ಮಾತುಗಳು ಬೇಡ. ಹಿಂದೆ ಮನೆಮನೆಯಲ್ಲಿ ಜೋಳ ತುಂಬುವ ಹಗೇವುಗಳಿದ್ದವು. ಹಗೇವಿನ ಬಾಯಿ ತೆರೆದಾಗ ಮನೆಯ ಹಿರಿಯಳು ಮೊದಲು ಬೀಜದ ಕಾಳನ್ನು ಬೇರೆ ತೆಗೆದಿಡುತ್ತಿದ್ದಳು. ಮಕ್ಕಳು ಹಸಿದು ಅತ್ತರೂ ಆ ಬೀಜಕ್ಕೆ ಕೈಹಚ್ಚುತ್ತಿರಲಿಲ್ಲ. ಬೀಜವನ್ನು ತಿಂದ ಮನೆಗೆ ಮುಂದಿನ ಸುಗ್ಗಿ ಇಲ್ಲವೆಂದು ಆಕೆಗೆ ಗೊತ್ತಿತ್ತು. ಕಾಡಿನಲ್ಲಿ ಬೀಜ ಯಾವುದು, ತಿನ್ನುವ ಕಾಳು ಯಾವುದು ಎಂಬುದನ್ನು ಬೇರ್ಪಡಿಸಿ ತೋರಿಸುವುದೇ ಅರಣ್ಯವಿದ್ಯೆ. ಕಾಡಿನ ಕಷ್ಟವೇನೆಂದರೆ, ಅಲ್ಲಿ ಬೀಜವೂ ಕಾಳೂ ಒಂದೇ ಮರದ ರೂಪದಲ್ಲಿ ನಿಂತಿರುತ್ತವೆ. ನೂರು ವರ್ಷ ಬೆಳೆದ ಮರವನ್ನು ಒಂದು ಗಳಿಗೆಯಲ್ಲಿ ಕಡಿಯಬಹುದು. ತಪ್ಪಾಯಿತೆಂದು ತಿಳಿಯುವ ಹೊತ್ತಿಗೆ ಕಡಿದವನೂ ಇರುವುದಿಲ್ಲ, ಅವನ ಮಗನೂ ಇರುವುದಿಲ್ಲ. ಆದುದರಿಂದಲೇ ಅಲ್ಲಿ ಕಣ್ಣಂದಾಜು ಸಾಲದು, ಅಳತೆ ಬೇಕು. ಅಳತೆಗೆ ಓದು ಬೇಕು.

ಇಲ್ಲಿಯವರೆಗೆ ವಿಷಯ ಸರಳ. 'ಎಷ್ಟು ತೆಗೆಯಬಹುದು?' ಎಂಬ ಪ್ರಶ್ನೆಗೆ ಉತ್ತರಿಸುವ ವಿದ್ಯೆ ಒಳ್ಳೆಯದೆಂದು ಯಾರು ಒಪ್ಪುವುದಿಲ್ಲ? ಆದರೆ ಧರ್ಮಸೂಕ್ಷ್ಮವಿರುವುದು ಇದರಾಚೆಯ ಪ್ರಶ್ನೆಯಲ್ಲಿ: 'ತೆಗೆದುದು ಯಾರಿಗೆ ಸೇರಬೇಕು? ಬಿಡಬೇಕಾಗಿ ಬಂದಾಗ ಯಾರು ಬಿಡಬೇಕು?' ಎಷ್ಟು ಎಂಬ ಲೆಕ್ಕ ಸರಿಯಾಗಿದ್ದೂ ಯಾರಿಗೆ ಎಂಬಲ್ಲಿ ಅನ್ಯಾಯವಾಗಬಹುದು. ಇನ್ನೂ ಆಶ್ಚರ್ಯವೆಂದರೆ, ಯಾರಿಗೆ ಎಂಬಲ್ಲಿ ಅನ್ಯಾಯವಾದಾಗ ಎಷ್ಟು ಎಂಬ ಲೆಕ್ಕವೂ ಕೆಡುತ್ತದೆ. ಇದಕ್ಕೆ ನಮ್ಮ ನಾಡಿನದೇ ಆದ ಒಂದು ನಿದರ್ಶನವುಂಟು.

1950ರ ದಶಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಬೇಕಾದ ಬಿದಿರನ್ನು ಸರಕಾರವು ಟನ್ನಿಗೆ ಕೇವಲ 1.50 ರೂಪಾಯಿಯಂತೆ ಕೊಡಲು ಒಪ್ಪಿತು. ಅದೇ ಬಿದಿರಿನಿಂದ ಬುಟ್ಟಿ, ಮೊರ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಕೊಡಬೇಕಾಗಿದ್ದ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಶರಣರ ಸಮೂಹದಲ್ಲಿ ಬಿದಿರಿನ ಕಾಯಕದ ಮೇದಾರ ಕೇತಯ್ಯನವರನ್ನು ನೆನೆಯುವ ನಾವು ಈ ವಿಷಮತೆಯನ್ನು ಲಘುವಾಗಿ ಕಾಣಲಾಗದು. ಕಾಡಿನಲ್ಲಿ ಬೇಕಾದಷ್ಟು ಬಿದಿರಿದೆ, ಎಂದಿಗೂ ತೀರದು ಎಂದು ಅಂದಿನ ಅಂದಾಜುಗಳು ಹೇಳಿದ್ದವು. ಎರಡು ದಶಕ ಕಳೆಯುವುದರೊಳಗೆ ಬಿದಿರು ಮಾಯವಾಗತೊಡಗಿತು.

ಬುಟ್ಟಿ ಹೆಣೆಯುವವರು ದೂರು ಕೊಟ್ಟರು. 1970ರ ದಶಕದ ಮಧ್ಯದಲ್ಲಿ ಕರ್ನಾಟಕ ಸರಕಾರದ ಕೋರಿಕೆಯ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ತಮ್ಮ ಸಹೋದ್ಯೋಗಿಗಳೊಂದಿಗೆ ಈ ಬಗ್ಗೆ ಅಧ್ಯಯನಕ್ಕೆ ತೊಡಗಿದರು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆಯೊಂದಿರುತ್ತದೆ. ಅದು ಹೊಸ ಕಳಲೆಗಳಿಗೆ ಅಡ್ಡಿಯೆಂದು, ಕಡಿಯುವವರಿಗೆ ತೊಡಕೆಂದು ತಿಳಿದು, ಆ ಮುಳ್ಳನ್ನು ಸವರಿ ಸ್ವಚ್ಛಗೊಳಿಸುವ ಪದ್ಧತಿಯನ್ನು ಜಾರಿಗೆ ತರಲಾಗಿತ್ತು. ಹಳ್ಳಿಯ ಜನ ಹೇಳಿದ್ದೇ ಬೇರೆ: "ಆ ಮುಳ್ಳೇ ಕಳಲೆಯ ಕಾವಲು, ಅದನ್ನು ತೆಗೆದರೆ ದನಕರು, ಮುಳ್ಳುಹಂದಿ, ಮುಸುವ ಎಲ್ಲವೂ ಎಳೆಯ ಕಳಲೆಯನ್ನು ತಿಂದುಬಿಡುತ್ತವೆ." ವಿಜ್ಞಾನಿಗಳು ಮೆಳೆಮೆಳೆಗಳನ್ನು ಅಳೆದು ಪರೀಕ್ಷಿಸಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಕಾಡಿನ ಒಳಿತಿಗೆಂದು ಮಾಡಿದ ಕೆಲಸವೇ ಕಾಡಿಗೆ ಕೇಡಾಗಿತ್ತು.

ಓದುಗರೇ, ಈ ಪ್ರಸಂಗದಲ್ಲಿ ತಪ್ಪು ಯಾರದು? ಮುಳ್ಳನ್ನು ಸವರಿಸಿದ ಅಧಿಕಾರಿ ದುಷ್ಟನಾಗಿರಲಿಲ್ಲ. ಅವನೂ ಓದಿದವನೇ, ನಿಯಮದಂತೆ ನಡೆದವನೇ. ಅವನು ಕೇಳದೆ ಹೋದ ಮಾತು ಒಂದಿತ್ತು. ಆ ಮಾತನ್ನು ಆಡುವವರು ಬುಟ್ಟಿ ಹೆಣೆಯುವವರೂ ದನ ಕಾಯುವವರೂ ಆಗಿದ್ದುದರಿಂದ ಅದಕ್ಕೆ ಬೆಲೆ ಬರಲಿಲ್ಲ. ಬಿದಿರಿನ ಮೇಲೆ ಅವರಿಗೆ ಹಕ್ಕಿಲ್ಲವೆಂದಾದಾಗ ಬಿದಿರಿನ ಬಗೆಗಿನ ಅವರ ಅರಿವಿಗೂ ಬೆಲೆ ಇಲ್ಲದಾಯಿತು. ಇತ್ತ ಟನ್ನಿಗೆ ಒಂದೂವರೆ ರೂಪಾಯಿಗೆ ಬಿದಿರು ಪಡೆಯುವವರಿಗೆ ಅದನ್ನು ಉಳಿಸಿಕೊಳ್ಳಬೇಕೆಂಬ ಕಾಳಜಿ ಹುಟ್ಟುವ ಕಾರಣವೂ ಇರಲಿಲ್ಲ. 'ಯಾರಿಗೆ' ಎಂಬಲ್ಲಿ ಆದ ಅನ್ಯಾಯ 'ಎಷ್ಟು' ಎಂಬ ಲೆಕ್ಕವನ್ನು ಕೆಡಿಸಿದ್ದು ಹೀಗೆ.

ಬೆಲೆಯ ಅನ್ಯಾಯವೆಂದರೇನೆಂದು ನಮ್ಮ ಸೀಮೆಯ ಜನರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. 1981ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಇದೇ ಹೆದ್ದಾರಿಯ ಮೇಲೆ ಕುಳಿತಿದ್ದರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ನಮ್ಮ ಬೆವರಿಗೆ ಬೆಲೆ ಬೇಕೆಂದು ನಾವು ಬೀದಿಗಿಳಿದುದು ನ್ಯಾಯವೇ ಸರಿ. ಅದೇ ನ್ಯಾಯವು ಎಲೆ ಕೊಯ್ಯುವ ಆದಿವಾಸಿ ತಾಯಿಗೂ ಬುಟ್ಟಿ ಹೆಣೆಯುವ ಮೇದಾರನಿಗೂ ಸಲ್ಲಬೇಡವೇ? ತನ್ನ ನೋವಿನಿಂದ ಪರರ ನೋವನ್ನು ಅರಿಯುವುದೇ ಧರ್ಮದ ಆರಂಭವೆಂದು ನಾವು ಕೇಳುತ್ತ ಬಂದಿದ್ದೇವೆ. ನಿಪ್ಪಾಣಿಯ ಸೀಮೆಯ ಹುಡುಗನೊಬ್ಬನು ಅರಣ್ಯವಿದ್ಯೆಗೆ ಹೋದರೆ ಈ ಅರಿವನ್ನು ಅವನು ಮನೆಯಿಂದಲೇ ಕಟ್ಟಿಕೊಂಡು ಹೋಗುತ್ತಾನೆ. ಪುಸ್ತಕದಲ್ಲಿ ಅದು ಸುಲಭವಾಗಿ ಸಿಕ್ಕುವ ವಸ್ತುವಲ್ಲ.

ಸರಕಾರದ ಅರಣ್ಯ ನೀತಿಗಳಲ್ಲಿಯೂ ಈ 'ಯಾರಿಗೆ' ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. 1952ರ ರಾಷ್ಟ್ರೀಯ ಅರಣ್ಯ ನೀತಿಯು ದೇಶದ ಭೂಭಾಗದ ಮೂರರಲ್ಲೊಂದು ಪಾಲು ಕಾಡಿರಬೇಕೆಂದು ಹೇಳಿತಾದರೂ, ರಾಷ್ಟ್ರಹಿತದ ಮುಂದೆ ನೆರೆಯ ಹಳ್ಳಿಗಳ ಹಕ್ಕು ಗೌಣವೆಂದಿತು. 1988ರ ನೀತಿಯು ನಿಸರ್ಗದ ಸಮತೋಲವನ್ನು ಎಲ್ಲಕ್ಕಿಂತ ಮೇಲಿಟ್ಟು, ಕಾಡಿನ ಅಂಚಿನ ಜನರ ಅಗತ್ಯಗಳು ಕೈಗಾರಿಕೆಯ ಲಾಭಕ್ಕಿಂತ ಮೊದಲೆಂದು ಒಪ್ಪಿತು. ಈ ಎರಡರ ನಡುವೆ ನಮ್ಮ ನಾಡಿನಲ್ಲಿ ಏನೇನು ನಡೆಯಿತೆಂಬುದನ್ನು ಮರೆಯಬಾರದು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಹಳ್ಳಿಗರು ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತರು. ಅದು 'ಅಪ್ಪಿಕೋ' ಎಂದು ಪ್ರಸಿದ್ಧವಾಯಿತು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಗೆ ನೀಲಗಿರಿ ಬೆಳೆಸಲೆಂದು ಹಳ್ಳಿಗಳ ಗೋಮಾಳವೂ ಸೇರಿದಂತೆ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಕೊಡಲು ಸರಕಾರ ಮುಂದಾದಾಗ, ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನರು ಎದ್ದು ನಿಂತರು. 1987ರ ನವೆಂಬರಿನಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಹಣ್ಣು, ಮೇವು, ಸೌದೆ ಕೊಡುವ ಸಸಿಗಳನ್ನು ನೆಟ್ಟರು. ಆ ಸತ್ಯಾಗ್ರಹಕ್ಕೆ ಅವರು ಇಟ್ಟ ಹೆಸರು 'ಕಿತ್ತಿಕೋ-ಹಚ್ಚಿಕೋ'. ಬರಿದೆ ಕೀಳುವುದಷ್ಟೇ ಆಗಿದ್ದರೆ ಅದು ಕೋಪವಾಗುತ್ತಿತ್ತು. ಹಚ್ಚಿದುದರಿಂದ ಅದು ವಿಚಾರವಾಯಿತು.

ಇಷ್ಟನ್ನು ಕೇಳಿದ ಮೇಲೆ, 'ಹಾಗಾದರೆ ಹಳ್ಳಿಯವರಿಗೆ ಎಲ್ಲವೂ ಗೊತ್ತಿದೆ, ಓದುವುದೇಕೆ?' ಎಂದು ಯಾರಾದರೂ ಕೇಳಬಹುದು. ಅದೂ ಅವಸರದ ತೀರ್ಮಾನವೇ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿರಿ. ನೆಲ್ಲಿ, ಜೇನು, ಪಾಚಿ ಸಂಗ್ರಹಿಸಿ ಬದುಕಿದವರು ಅವರು. ಒಣ ಎಲೆ ಬಿದ್ದ ಕಾಲದಲ್ಲಿ ನೆಲದ ಮೇಲೆ ಸಣ್ಣಗೆ ಹರಿದುಹೋಗುವ 'ತರಗು ಬೆಂಕಿ'ಯನ್ನು ಹಾಕುವ ವಾಡಿಕೆ ಅವರಲ್ಲಿತ್ತು. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಬೆಂಕಿಗೆ ನಿಷೇಧ ಬಂದಿತು. ಅಂದಿನಿಂದ ನೆಲ್ಲಿಮರಗಳ ಮೇಲೆ ಬಂದಣಿಕೆ ಹೆಚ್ಚಿತು, ನೆಲವನ್ನೆಲ್ಲ ಲಂಟಾನ ಮುಚ್ಚಿತು ಎಂಬುದು ಸೋಲಿಗ ಹಿರಿಯರ ಮಾತು. ಸಂಶೋಧಕರು ಈ ಮಾತನ್ನು ಕೇಳಿ ಸುಮ್ಮನೆ ಒಪ್ಪಲೂ ಇಲ್ಲ, ನಕ್ಕು ತಳ್ಳಲೂ ಇಲ್ಲ. ಮರಮರಕ್ಕೆ ಗುರುತು ಹಾಕಿ, ಸೋಲಿಗರನ್ನೇ ಜೊತೆಗೂಡಿಸಿಕೊಂಡು, ಎಷ್ಟು ನೆಲ್ಲಿಕಾಯಿ ಕೊಯ್ದರೆ ಎಷ್ಟು ಹೊಸ ಸಸಿ ಉಳಿಯುತ್ತವೆ ಎಂದು ವರ್ಷಗಟ್ಟಲೆ ಲೆಕ್ಕವಿಟ್ಟರು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಕಾಡಿನ ಮೇಲೆ ಸಮುದಾಯದ ಹಕ್ಕು ದೊರೆಯಿತು. ಹಿರಿಯರ ಅನುಭವ ಪ್ರಶ್ನೆಯನ್ನು ಎತ್ತಿತು. ಓದಿದವರ ಅಳತೆ ಅದನ್ನು ಪರೀಕ್ಷೆಗೆ ಒಡ್ಡಿತು. ಒಂದು ಇನ್ನೊಂದಕ್ಕೆ ಕಣ್ಣಾಗಬೇಕು.

ಈ ವಿದ್ಯೆಯು ಕಲಿಸುವ ಇನ್ನೊಂದು ಗುಣ ಸತ್ಯನಿಷ್ಠೆ. ಅದರ ಅಗತ್ಯ ನಮ್ಮ ಕಡೆಯ ಜನರಿಗೆ ಪ್ರತ್ಯಕ್ಷವಾಗಿ ಇದೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ಹೆದ್ದಾರಿಯೇ ಮುಳುಗಿತು. ದೂಧಗಂಗೆಯ ದಡದ ಹೊಲಗಳು ಕೆರೆಗಳಾದವು. ಆಗ ಸಭೆಗಳಲ್ಲಿ ಒಂದೇ ಮಾತು ಕೇಳಿಬಂದಿತು: 'ಘಟ್ಟದ ಕಾಡು ಕಡಿದಿದ್ದರಿಂದಲೇ ಇದೆಲ್ಲ ಆಯಿತು.' ನಾನೂ ಹಾಗೆಯೇ ಭಾಷಣ ಮಾಡಿದವನು. ಆದರೆ ಶಾಸ್ತ್ರವನ್ನು ಬಲ್ಲವರು ಹೀಗೆ ಹೇಳುತ್ತಾರೆ: ಕಾಡು ಮಳೆಯ ನೀರನ್ನು ಹೀರಿ ನಿಧಾನವಾಗಿ ಬಿಡುತ್ತದೆ, ಮಣ್ಣನ್ನು ಹಿಡಿದು ಹೊಳೆಯಲ್ಲಿ ಹೂಳು ತುಂಬದಂತೆ ಕಾಯುತ್ತದೆ, ಸಣ್ಣಪುಟ್ಟ ಪ್ರವಾಹಗಳ ರಭಸವನ್ನು ತಗ್ಗಿಸುತ್ತದೆ. ಆದರೆ ದಿನಗಟ್ಟಲೆ ಅತಿವೃಷ್ಟಿಯಾಗಿ ನೆಲವೆಲ್ಲ ನೀರು ಕುಡಿದು ತಣಿದ ಮೇಲೆ ಎಂಥ ದಟ್ಟ ಕಾಡೂ ಮಹಾಪೂರವನ್ನು ತಡೆಯಲಾರದು. ಹೊಳೆಯ ಪಾತ್ರದ ಒತ್ತುವರಿ, ಅಣೆಕಟ್ಟುಗಳಿಂದ ನೀರು ಬಿಡುವ ಹೊತ್ತು, ಮಳೆಯ ರೀತಿಯೇ ಬದಲಾಗಿರುವುದು, ಇವೆಲ್ಲವನ್ನೂ ನೋಡಬೇಕಾಗುತ್ತದೆ. ಕಾಡಿನ ಪರವಾಗಿ ಆಡುವುದಾದರೂ ಸುಳ್ಳು ಸುಳ್ಳೇ. ಒಳ್ಳೆಯ ಉದ್ದೇಶಕ್ಕಾಗಿಯೂ ಅತಿಶಯೋಕ್ತಿ ಆಡಬಾರದೆಂದು ಶಿಷ್ಯನಿಗೆ ಕಲಿಸುವ ವಿದ್ಯೆ ಆತ್ಮಸಂಸ್ಕಾರವನ್ನೂ ಮಾಡುತ್ತದೆ ಎಂದು ನಾನು ತಿಳಿಯುತ್ತೇನೆ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ನೌಕರಿ ಸಿಗದೆ ಹೋದರೆ ಈ ವಿದ್ಯೆ ವ್ಯರ್ಥವೇ? ಪ್ರಸಾದನಿಲಯದಲ್ಲಿ ಉಂಡು ಬೆಳೆದ ತಮಗೆ ಪಂಕ್ತಿಯ ರೀತಿ ಗೊತ್ತು. ನಾವು ಕುಳಿತು ಉಣ್ಣುವಾಗ ಬಾಗಿಲ ಹೊರಗೆ ಮುಂದಿನ ಪಂಕ್ತಿಯವರು ನಿಂತಿರುತ್ತಿದ್ದರು. ಅವರು ಕಣ್ಣಿಗೆ ಕಾಣುತ್ತಿದ್ದುದರಿಂದ ಬಡಿಸುವವನೂ ಉಣ್ಣುವವನೂ ಎಚ್ಚರದಿಂದಿರುತ್ತಿದ್ದರು. ಕಾಡು, ನೀರು, ಮಣ್ಣುಗಳ ವಿಷಯದಲ್ಲಿ ಮುಂದಿನ ಪಂಕ್ತಿಯವರು ಇನ್ನೂ ಹುಟ್ಟಿಲ್ಲ. ಅವರು ಬಾಗಿಲು ತಟ್ಟಲಾರರು, ದೂರು ಕೊಡಲಾರರು, ಹೆದ್ದಾರಿಯ ಮೇಲೆ ಕೂರಲಾರರು. ಅವರ ಪರವಾಗಿ ಅನ್ನದ ಪಾತ್ರೆಯೊಳಗೆ ಇಣುಕಿ ನೋಡಿ, 'ಇಷ್ಟು ಉಳಿದಿದೆ, ಇಷ್ಟು ಇರಲಿ' ಎಂದು ಹೇಳುವವನೊಬ್ಬನು ಬೇಕು. ಹೇಳುವವನಿಗೆ ಲೆಕ್ಕವೂ ತಿಳಿದಿರಬೇಕು, ಪಂಕ್ತಿಯ ಕೊನೆಯಲ್ಲಿ ಕುಳಿತವನ ಎಲೆಗೆ ಏನೂ ಬಂದಿಲ್ಲವೆಂಬುದೂ ಕಾಣಬೇಕು. ಈ ಕಾಯಕಕ್ಕೆ ಸಂಬಳ ಇದ್ದರೆ ಒಳ್ಳೆಯದು. ಸಂಬಳವಿಲ್ಲವೆಂದ ಮಾತ್ರಕ್ಕೆ ಅದು ಬೇಡವಾದ ಕಾಯಕವಾಗುವುದಿಲ್ಲ.

ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ತಂದೆಗೆ ಅನ್ಯಾಯ ಮಾಡಿದಂತಾಗುತ್ತದೆ. ಹುಟ್ಟದವರ ಋಣದ ಮಾತನಾಡುತ್ತ ಹೆತ್ತವರ ಋಣವನ್ನು ಮರೆಯುವುದು ಧರ್ಮವಲ್ಲ. ಆದುದರಿಂದ ವಿದ್ಯಾರ್ಥಿಗೂ ಒಂದು ಮಾತು ಹೇಳಬೇಕಾಗಿದೆ. ಅರಣ್ಯವಿದ್ಯೆಯನ್ನು ಕಲಿತವನು ದೂರದ ಹುಲಿಯ ಕಾಡನ್ನೇ ಕನಸುತ್ತ ಹುಟ್ಟಿದ ಊರಿನ ಗಾಯರಾಣವನ್ನು ಮರೆಯಬಾರದು. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆ ಹೊಳೆಯ ನೀರನ್ನು ಮಿತಿಯಿಲ್ಲದೆ ಕಬ್ಬಿಗೆ ಹಾಯಿಸಿ ಎಷ್ಟೋ ಒಳ್ಳೆಯ ಕರಿನೆಲ ಸವಳು-ಜವಳಾಗಿದೆ. ಅಂಥ ನೆಲದಲ್ಲಿ ಯಾವ ಮರ ಬೇರೂರುತ್ತದೆ, ಬದುವಿನ ಮೇಲೆ ಬೇವು, ಹೊಂಗೆ, ಹುಣಸೆಗಳನ್ನು ಎಷ್ಟು ಅಂತರದಲ್ಲಿ ಹಚ್ಚಿದರೆ ಬೆಳೆಗೆ ನೆರಳಾಗದು, ಹಳ್ಳದ ದಂಡೆ ಕುಸಿಯದಂತೆ ಏನು ಮಾಡಬೇಕು, ಇವೂ ಅದೇ ಸ್ನಾತಕೋತ್ತರ ವಿದ್ಯೆಯ ಪಾಠಗಳೇ. ಹೊಲದಲ್ಲಿ ಮರ ಬೆಳೆಸುವುದನ್ನು ಉತ್ತೇಜಿಸಲೆಂದೇ ಕೇಂದ್ರ ಸರಕಾರವು 2014ರಲ್ಲಿ ರಾಷ್ಟ್ರೀಯ ಕೃಷಿ-ಅರಣ್ಯ ನೀತಿಯನ್ನು ಪ್ರಕಟಿಸಿತು. ನೀತಿ ಕಾಗದದ ಮೇಲಿದೆ. ಅದನ್ನು ಬದುವಿನ ಮೇಲೆ ತರುವ ಕೈಗಳು ಬೇಕಾಗಿವೆ. ಓದಿದ ಮಗನು ತಂದೆಯ ನಾಲ್ಕು ಎಕರೆಯಲ್ಲಿಯೇ ಮೊದಲ ಪ್ರಯೋಗ ಮಾಡಿ ತೋರಿಸಿದರೆ, 'ಇಲ್ಲದ ಅಡವಿ ಓದಿ ಏನು ಮಾಡುತ್ತಾನೆ?' ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವುಂಟೇ?

ತಮಗೂ ಒಂದು ಕರ್ತವ್ಯವಿದೆ. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರು, ಇಂಜಿನಿಯರರು, ವಕೀಲರು, ಅಧ್ಯಾಪಕರು ಎಷ್ಟೋ ಜನರಿದ್ದೀರಿ. ಊರಿನ ಬಡಹುಡುಗನೊಬ್ಬನು ವೈದ್ಯವಿದ್ಯೆಗೆ ಹೊರಟರೆ ಕೈಹಿಡಿಯಲು ನಾವು ಮುಂದಾಗುತ್ತೇವೆ. ಅದರ ಫಲ ನಮಗೆ ಕಾಣುತ್ತದೆ. ಮಣ್ಣು, ಮರ, ನೀರುಗಳ ವಿದ್ಯೆಗೆ ಹೊರಟವನನ್ನು ಮಾತ್ರ 'ಏನು ಸಿಗುತ್ತದೆ?' ಎಂದು ಕೇಳುತ್ತೇವೆ. ಕಾಣದ ಫಲಕ್ಕಾಗಿ ಕೊಡುವುದೇ ದಾಸೋಹವಲ್ಲವೇ? ಎರಡು ವರ್ಷದ ವ್ಯಾಸಂಗದ ಭಾರವನ್ನು ಹತ್ತು ಜನ ಹಂಚಿಕೊಂಡರೆ ಒಬ್ಬ ತಂದೆಯ ಭಯ ಕಳೆಯುತ್ತದೆ. ಸುಳ್ಳು ಭರವಸೆಯಿಂದ ನಾನು ಮಾಡಲು ಹೋದ ಕೆಲಸವನ್ನು ನಿಜವಾದ ನೆರವಿನಿಂದ ಮಾಡಬಹುದಾಗಿತ್ತು. ಆಗ ನನಗದು ಹೊಳೆಯಲಿಲ್ಲ. ಈಗ ಹೊಳೆದುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಆ ಹುಡುಗನು ಕೊನೆಗೆ ಓದಲು ಹೋದನು. ತಂದೆಯವರು ಒಂದು ಎಕರೆಯನ್ನು ಎರಡು ವರ್ಷಕ್ಕೆ ಲಾವಣಿಗೆ ಹಾಕಿದರು. ಬಸ್ಸು ಹತ್ತಿಸುವಾಗ ಅವರು ಮಗನಿಗೆ ಹೇಳಿದರಂತೆ: "ಹೋಗಪಾ, ಓದು. ಆದ್ರ ನಮ್ಮ ಹೊಳಿ ದಂಡಿ ವರ್ಸಾ ಕುಸಿಯಾಕತ್ತೈತಿ, ಅದಕ್ಕೇನ್ ಹಚ್ಚಬೇಕು ಅಂತ ಮೊದಲ ಕೇಳ್ಕೊಂಡ್ ಬಾ." ಅಕ್ಷರ ಅರಿಯದ ಆ ಹಿರಿಯರು ಅಂದು ಕೊಟ್ಟುದು ಒಂದು ಸ್ನಾತಕೋತ್ತರ ಪ್ರಬಂಧಕ್ಕೆ ತಕ್ಕ ವಿಷಯವನ್ನೇ. ನಮ್ಮ ವಿದ್ಯಾಲಯಗಳು ಇಂಥ ಪ್ರಶ್ನೆಗಳಿಗೆ ಕಿವಿಗೊಡಲಿ. ಇಂಥ ಪ್ರಶ್ನೆಗಳನ್ನು ಹೊತ್ತು ಹೋಗುವ ಮಕ್ಕಳಿಗೆ ತಮ್ಮೆಲ್ಲರ ಬೆಂಬಲವಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.